ಮೂರನೇ ಮಹಡಿಯಿಂದ ಇಳಿದ ಬಾಗಿಲು

ಮನೆ ಬಾಗಿಲಿಗೇ ಬಂದು ಕಾರು ದುರಸ್ತಿ ಮಾಡಿಕೊಡುವ ಸಂಸ್ಥೆಯೊಂದರ ಮೆಕ್ಯಾನಿಕ್ ವಿನೋದಾ, ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ತಾಂಬರಂನಲ್ಲಿ ದಾರಿ ತಪ್ಪಿ, ಒಂದೇ ಇಸ್ತ್ರಿ ಗಾಡಿಯ ಮುಂದೆ ಮೂರನೆಯ ಬಾರಿ ಸ್ಕೂಟರ್ ನಿಲ್ಲಿಸಿದಳು. ಹೋಗಬೇಕಾದ ಅಪಾರ್ಟ್‌ಮೆಂಟನ್ನು ಸಂಸ್ಥೆಯ ಆ್ಯಪ್ ಕೆರೆಯ ನಟ್ಟನಡುವೆ ತೋರಿಸುತ್ತಿತ್ತು. ಆ್ಯಪನ್ನು ದೂರುವಂತಿಲ್ಲ, ಅಪಾರ್ಟ್‌ಮೆಂಟ್ ಕಟ್ಟಿದ್ದೇ ಕೆರೆಯಲ್ಲಿ.

"ಅಕ್ಕಾ, ಈ ವಿಳಾಸ ಎಲ್ಲಿ ಬರುತ್ತೆ?"

ಹೊಸೂರು ಕಡೆಯಿಂದ ಬಂದು ಗಾಡಿ ಇಟ್ಟುಕೊಂಡಿದ್ದ ಜಾನಕಮ್ಮ ಇಸ್ತ್ರಿಪೆಟ್ಟಿಗೆ ಕೆಳಗಿಡಲಿಲ್ಲ. "ಮೂರು ಸುತ್ತು ಹಾಕಿದೆಯಲ್ಲ ತಾಯಿ, ನಾನೇನು ವಡಪಳನಿ ಗುಡಿ ಮುರುಗನಾ? ದಾರಿ ಹೇಳ್ತೀನಿ. ನನ್ನ ಗಾಡಿ ಚಕ್ರ ಕಳಚಿ ಬೀಳೋ ಹಾಗಿದೆ, ನೋಡಿಕೊಡು."

"ವಾಪಸ್ ಬರ್ತಾ ಖಂಡಿತ ಮಾಡಿಕೊಡ್ತೀನಿ. ಈಗ ತಡವಾದರೆ ನನ್ನ ಕೆಲಸ ಹೋಗುತ್ತೆ."

ಅದು ಬಾಯಿಮಾತಲ್ಲ. ನಿಯಮ ಹನ್ನೊಂದರ ಪ್ರಕಾರ, ಒಂದೇ ತಿಂಗಳಲ್ಲಿ ಮೂರು ಕರೆಗಳು 'ವಿಫಲ' ಎಂದು ದಾಖಲಾದ ಮೆಕ್ಯಾನಿಕ್ಕಿನ ಹೆಸರನ್ನು ತೆಗೆದುಹಾಕತಕ್ಕದ್ದು. ವಿನೋದಾಳ ಹೆಸರಿನ ಮುಂದೆ ಆಗಲೇ ಎರಡಿದ್ದವು.

ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಬ್ಯಾಂಕ್ ಅಧಿಕಾರಿ ಬದರಿನಾಥರು ಸ್ಟಾರ್ಟ್ ಆಗದ ಕಾರಿನ ಪಕ್ಕ ನಿಂತಿದ್ದರು. ಅವರು ದಿನಾ ಕಾರಿನಲ್ಲಿ ಸ್ಟೇಷನ್ನಿಗೆ ಹೋಗಿ ಲೋಕಲ್ ರೈಲು ಹಿಡಿಯುವವರು. ವಿನೋದಾ ಬಾನೆಟ್ ಎತ್ತಿದಳು. ಬ್ಯಾಟರಿಯ ಕ್ಲ್ಯಾಂಪ್ ಸಡಿಲವಾಗಿತ್ತು. ಒಂದು ಸ್ಪ್ಯಾನರ್, ಎರಡು ನಿಮಿಷದ ಕೆಲಸ.

ಆದರೆ ನಿಯಮ ನಾಲ್ಕು ಹೀಗಿತ್ತು: ದುರಸ್ತಿಯು ಮನೆ ಬಾಗಿಲಲ್ಲೇ ನಡೆದಿದೆ ಎಂಬುದಕ್ಕೆ ಪುರಾವೆಯಾಗಿ ಕಾರು, ಬಾಗಿಲು ಮತ್ತು ಬಾಗಿಲ ಮೇಲಿನ ನಂಬರು ಒಂದೇ ಫೋಟೋದಲ್ಲಿ ಕಾಣತಕ್ಕದ್ದು. ಫೋಟೋ ಮಂಜೂರಾಗುವ ಮುನ್ನ ಸ್ಪ್ಯಾನರ್ ಮುಟ್ಟುವುದು ದುರ್ನಡತೆ. ಬದರಿನಾಥರ ಬಾಗಿಲು ಮೂರನೇ ಮಹಡಿಯಲ್ಲಿತ್ತು.

ವಿನೋದಾ ಮೇಲ್ವಿಚಾರಕ ಗುರುಚರಣನಿಗೆ ಫೋನ್ ಮಾಡಿದಳು.

"ಸಾರ್, ಕಾರು ಕೆಳಗಿದೆ, ಬಾಗಿಲು ಮೇಲಿದೆ."

"ಕಾರನ್ನ ಮೇಲೆ ತರೋಕಾಗುತ್ತಾ?"

"ಸ್ಟಾರ್ಟೇ ಆಗ್ತಿಲ್ಲ ಸಾರ್."

"ಹಾಗಾದರೆ ಬಾಗಿಲನ್ನ ಇಳಿಸಮ್ಮಾ. ಇದಕ್ಕೂ ನನ್ನನ್ನ ಕೇಳಬೇಕಾ?"

ಬದರಿನಾಥರು ಕೌಂಟರಿನ ಎದುರು ನಿಂತ ಪಿಂಚಣಿದಾರರನ್ನೇ, ಅವರು ಬದುಕಿರುವುದಕ್ಕೆ ಪ್ರಮಾಣಪತ್ರ ಕೇಳಿ ಮೂವತ್ತು ವರ್ಷ ಸೇವೆ ಸಲ್ಲಿಸಿದವರು. "ಶರಿ, ಪ್ರೂಫ್ ಅಂದಮೇಲೆ ಪ್ರೂಫೇ," ಎಂದು ಬಡಗಿಯನ್ನು ಕರೆಸಿದರು.

ಮೇಲಿನಿಂದ ಹೆಂಡತಿ ನೀರಜಾ ಕೂಗಿದರು. "ರೀ, ಬಾಗಿಲಿಲ್ಲದ ಮನೇಲಿ ನಾನು ಸ್ನಾನಕ್ಕೆ ಹೇಗೆ ಹೋಗಲಿ?"

"ಇವತ್ತೊಂದು ದಿನ ಬಿಡೇ! ನಿನ್ನ ಸ್ನಾನಕ್ಕೆ ಯಾರೂ ಫೋಟೋ ಕೇಳ್ತಿಲ್ಲ."

ನಿವಾಸಿಗಳ ಸಂಘದ ಕಾರ್ಯದರ್ಶಿ ಭೋಜರಾಜರು ಬಂದು, ಲಿಫ್ಟ್ ಇರುವುದು ನಿವಾಸಿಗಳಿಗೆ, ಬಾಗಿಲು ನಿವಾಸಿಯಲ್ಲ ಎಂದು ತೀರ್ಪಿತ್ತರು. ಆದ್ದರಿಂದ ತೇಗದ ಬಾಗಿಲು ಮೆಟ್ಟಿಲಿಳಿಯಿತು. ಒಂದು ತುದಿ ಬಡಗಿಯ ಹೆಗಲ ಮೇಲೆ, ಇನ್ನೊಂದು ವಿನೋದಾಳ ಹೆಗಲ ಮೇಲೆ.

ಕಾರಿಗೆ ಒರಗಿಸಿ ತೆಗೆದ ಮೊದಲ ಫೋಟೋ ತಿರಸ್ಕೃತವಾಯಿತು: 'ಬಾಗಿಲು ಮುಚ್ಚಿದೆ. ಗ್ರಾಹಕರು ಮನೆಯಲ್ಲಿಲ್ಲ.'

ಎರಡನೆಯದರಲ್ಲಿ ಬದರಿನಾಥರು ಬಾಗಿಲನ್ನು ಓರೆಯಾಗಿ ಹಿಡಿದು, ಅದರ ಹಿಂದಿನಿಂದ ಇಣುಕಿ, ಮನೆಗೆ ಯಾರೋ ನೆಂಟರು ಬಂದರೆಂಬಂತೆ ನಕ್ಕರು. ಅದು ಒಂಬತ್ತಕ್ಕೆ ಸರಿಯಾಗಿ ಮಂಜೂರಾಯಿತು. ಜೊತೆಯಲ್ಲೇ ಇನ್ನೊಂದು ಸಂದೇಶ ಬಂತು: 'ನಿಗದಿತ ಅವಧಿ ಮುಗಿದಿದೆ. ಫೋಟೋ ಮಂಜೂರಾಗಿರುವುದರಿಂದ ದುರಸ್ತಿ ಯಶಸ್ವಿ.'

"ಸಾರ್, ಎರಡೇ ನಿಮಿಷ, ಬಿಗಿ ಮಾಡಿಬಿಡ್ತೀನಿ," ಎಂದು ವಿನೋದಾ ಚೀಲಕ್ಕೆ ಕೈಹಾಕಿದಳು.

ಬದರಿನಾಥರು ಬೆಚ್ಚಿಬಿದ್ದರು. "ಐಯೋ, ಕೈ ತೆಗಿಯಮ್ಮಾ! ಯಶಸ್ವಿ ಅಂತ ಬಂದಾಗಿದೆ. ಈಗ ಮುಟ್ಟಿದರೆ ಫೈಲ್ ಮತ್ತೆ ಓಪನ್ ಆಗುತ್ತೆ." ಅವಳಿಗೆ ಐದು ನಕ್ಷತ್ರ ಒತ್ತಿ, ಆಟೋ ಹತ್ತಿ ಸ್ಟೇಷನ್ನಿಗೆ ಹೋದರು.

ವಿನೋದಾ ಹೊರಡುವಷ್ಟರಲ್ಲಿ ಭೋಜರಾಜರು ಗೋಡೆಗೆ ಸೂಚನೆ ಅಂಟಿಸುತ್ತಿದ್ದರು: 'ಕಾರುಗಳ ಹಿತದೃಷ್ಟಿಯಿಂದ ಎಲ್ಲಾ ನಿವಾಸಿಗಳು ತಮ್ಮ ಮನೆಯ ಬಾಗಿಲನ್ನು ಪಾರ್ಕಿಂಗ್‌ನಲ್ಲೇ ಇರಿಸತಕ್ಕದ್ದು. ಮನೆಗೆ ಪರದೆ ಹಾಕಿಕೊಳ್ಳಲು ಅಡ್ಡಿಯಿಲ್ಲ.' ಆಕ್ಷೇಪ ಬರಲಿಲ್ಲ. ಬಡಗಿಯ ಮುಂದೆ ಆಗಲೇ ಸಾಲು ನಿಂತಿತ್ತು.

ಇಸ್ತ್ರಿ ಗಾಡಿಯ ಬಳಿ ವಿನೋದಾ ಸ್ಕೂಟರ್ ನಿಲ್ಲಿಸಿ, ಬೆಳಗಿನಿಂದ ಚೀಲ ಬಿಟ್ಟು ಹೊರಬರದ ಸ್ಪ್ಯಾನರ್ ತೆಗೆದಳು. ನೆಲದ ಮೇಲೆ ಕೂತು ನಟ್ ಬಿಗಿ ಮಾಡಿ ಚಕ್ರ ಅಲುಗಿಸಿ ನೋಡಿದಳು. ಅಲುಗಲಿಲ್ಲ. ಎರಡು ನಿಮಿಷ ಹಿಡಿಯಿತು.

"ದಾರಿ ಹೇಳಿದ್ದಕ್ಕೆ ಸರಿಹೋಯ್ತಲ್ಲ ಅಕ್ಕಾ?"

"ಸರಿಹೋಯ್ತು. ಫೋಟೋ ತೆಗೆಯಲ್ವಾ? ನಿಮ್ಮೋರೆಲ್ಲ ತೆಗೀತಾರೆ."

"ಬಾಗಿಲೆಲ್ಲಿದೆ?"

ಜಾನಕಮ್ಮ ಗಾಡಿಯ ನಾಲ್ಕೂ ಕಡೆ ನೋಡಿದಳು. "ಹೌದಲ್ಲ," ಎಂದು ಒಪ್ಪಿಕೊಂಡು, ಗಾಡಿ ತಳ್ಳುತ್ತಾ ನೆರಳಿಗೆ ಹೋದಳು.