ಒಂದು ಆಡಿಗೆ ನಾಲ್ಕು ಗೂಟ

ಮಾದನಹಿಪ್ಪರಗಾದಲ್ಲಿ ಈ ಸಂಗತಿಯನ್ನು ಹೇಳುವವರೆಲ್ಲ ಮೊದಲು ತಮ್ಮ ದವಡೆಯನ್ನೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಾರೆ. ಕತೆ ಹುಟ್ಟಿದ್ದೇ ಇಲ್ಲದ ಹಲ್ಲುನೋವಿನಿಂದ.

ಅಂಬಾರಾಯನಿಗೆ ಯಾರ ಮೇಲೂ ನಂಬಿಕೆಯಿರಲಿಲ್ಲ. ಸಂಜೆಯಾದರೆ ತನ್ನ ನೆರಳು ಪಕ್ಕದ ಹೊಲದವನ ಕಡೆಗೇ ವಾಲುತ್ತದೆಂದು ಅದರ ಮೇಲೂ ಅವನಿಗೆ ಗುಮಾನಿ. ಅಂಥವನಿಗೆ ಅಂದು ಬೆಳಿಗ್ಗೆ ಆಳಂದದ ಕೃಷಿ ಕಚೇರಿಯಲ್ಲಿ ಒಂದು ಗುಟ್ಟು ಸಿಕ್ಕಿತು: ಮಳೆನೀರು ಹಿಡಿದಿಡುವ ಕೃಷಿಹೊಂಡವನ್ನು ಸರ್ಕಾರವೇ ತೋಡಿಸಿಕೊಡುತ್ತದೆ, ಅವನೂರಿನ ಪಾಲಿಗೆ ಉಳಿದಿರುವುದು ಒಂದೇ ಒಂದು. ಹೋದ ಹಂಗಾಮಿನಲ್ಲಿ ಹೂವಿಗೆ ಬಂದ ತೊಗರಿ ಕಣ್ಣೆದುರೇ ಬಾಡುವುದನ್ನು ಕಂಡವನಿಗೆ ಆ ಹೊಂಡ ಬೇಕೇ ಬೇಕಿತ್ತು.

“ಹೊಂಡ ಬೇಕಾದ ಜಾಗಾದಾಗ ನಾಕು ಗೂಟ ಬಡೀರಿ,” ಎಂದರು ಕೃಷಿ ಅಧಿಕಾರಿ ರಾಧಿಕಾ. “ಸಂಜಿಗಿ ಬಂದು ಫೋಟೊ ಹೊಡಿತೇನಿ. ಹೊಲ ಯಾರ್ದಂತ ಮೊಬೈಲೇ ಹೇಳ್ತದ. ಅರ್ಜಿ ಅಲ್ಲೇ ಹಾಕಿದ್ರಾತು.”

“ಯಾರಿಗೂ ಹೇಳಬ್ಯಾಡ್ರಿ, ಮೇಡಂ.”

“ಹೇಳಾಕಂತನೇ ನನಗ ಪಗಾರ ಕೊಡ್ತಾರ್ರಿ.”

ಮರಳುವ ಬಸ್ಸಿನಲ್ಲಿ ಅವನ ಓಣಿಯ ಸಾಬವ್ವ ಪಕ್ಕದಲ್ಲೇ ಬಂದು ಕುಳಿತಳು. ಅವಳ ಬಾಯಲ್ಲಿ ಸುದ್ದಿಯೆಂದರೆ ತೂತುಬಿದ್ದ ಚೀಲದ ಜೋಳ; ದಾರಿಯುದ್ದಕ್ಕೂ ಸುರಿಯುತ್ತಿತ್ತು.

“ಆಳಂದಕ ಯಾಕ ಹೋಗಿದ್ದಿ, ತಮ್ಮಾ?”

“ಹಲ್ಲು ಬ್ಯಾನಿ, ಅಕ್ಕಾ.”

“ಯಾವ ಕಡಿ?”

“ಎಡಕ.”

“ಮತ್ತ ಬಲಗಲ್ಲ ಹಿಡದೀಯಲ್ಲೋ.”

“ಬ್ಯಾನಿ ಅಡ್ಡಾಡಾಕತ್ತದ.”

“ಅಡ್ಡಾಡೋ ಬ್ಯಾನಿ ಭಾಳ ಕೆಟ್ಟದ್ದು,” ಎಂದ ಸಾಬವ್ವ ಆಗಲೇ ಏನೋ ನಿಶ್ಚಯಿಸಿದಂತಿತ್ತು.

ಮಧ್ಯಾಹ್ನ ಗೂಟ ಹೊತ್ತು ಹೊಲಕ್ಕೆ ಹೋದರೆ, ಪಕ್ಕದ ಹೊಲದ ಗೌಸಮೊಹಿದ್ದೀನ ಎದುರಾದ.

“ನಾಕು ಗೂಟ ಯಾಕಲೇ, ಅಂಬಾರಾಯಾ?”

“ಆಡು ಕಟ್ಟಾಕ.”

“ಇರೋದು ಒಂದೇ ಆಡು.”

“ಭಾಳ ಮೊಂಡ ಅದ, ಭಾಯ್. ಕಾಲಿಗೊಂದು ಗೂಟ ಬೇಕು.”

ಗಡಿಯಲ್ಲಿ ಗೂಟ ಕಂಡರೆ ಅದು ಬದು ಒತ್ತುವ ಸಂಚೆಂದೇ ಆ ಸೀಮೆಯ ತಿಳಿವಳಿಕೆ. ಗೌಸ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕುಳಿತವನು ಕದಲಲಿಲ್ಲ. ತನ್ನ ಹೊಲದಲ್ಲಿ ಬಡಿದರೆ ಅವನು ಕೆದಕಿ ಕೇಳಿ ಗುಟ್ಟು ಬಯಲಾದೀತೆಂದು ಅಂಬಾರಾಯ ಉಪಾಯ ಹೂಡಿದ. ಬೆಳೆ ಕೊಯ್ದು ರಾಶಿ ಮುಗಿದ ಮೇಲೆ ಖಾಲಿ ಹೊಲ ಯಾರ ದನಕ್ಕೂ ಮುಕ್ತವೆಂಬುದು ಊರಿನ ರೂಢಿಯಲ್ಲವೇ?

“ನಿನ್ನ ಹೊಲದಾಗ ಹುಲ್ಲು ಚಲೋ ಅದ. ಅಲ್ಲೇ ಕಟ್ತೇನಿ,” ಎಂದು ನಾಲ್ಕೂ ಗೂಟಗಳನ್ನು ಗೌಸನ ಹೊಲದ ತಗ್ಗಿನಲ್ಲಿ ಬಡಿದ. ಗೌಸ ಅತ್ತ ಹೋದೊಡನೆ ಕಿತ್ತು ಈಚೆ ತನ್ನ ಹೊಲದಲ್ಲಿ ನೆಟ್ಟರಾಯಿತೆಂಬುದು ಅವನ ಲೆಕ್ಕ.

ಆದರೆ ಗೌಸ ಏಳುವ ಮೊದಲೇ ಸಾಬವ್ವ ಬಂದಳು. ಅವಳ ಹಿಂದೆ ಎತ್ತುಗಳಿಗೆ ಲಾಳ ಕಟ್ಟುವ ಪೀರಪ್ಪ, ಅವನ ಕೈಯಲ್ಲಿ ಇಕ್ಕಳ.

“ಬ್ಯಾನಿ ಹೋಗೇದ, ಅಕ್ಕಾ,” ಎಂದ ಅಂಬಾರಾಯ.

“ಇಕ್ಕಳ ಕಂಡ್ರ ಎಲ್ಲರ ಬ್ಯಾನಿನೂ ಹೋಗ್ತದ,” ಎಂದ ಪೀರಪ್ಪ.

ಗೌಸ ಕಣ್ಣು ಕಿರಿದು ಮಾಡಿದ. “ಹಲ್ಲಿನ ಮಾತು ಸುಳ್ಳಾದ್ರ, ಗೂಟದ ಮಾತೂ ಸುಳ್ಳ ಇರಬೇಕು.”

ಹೊಂಡ ಉಳಿಯಬೇಕಾದರೆ ಹಲ್ಲು ಹೋಗಬೇಕಿತ್ತು. ಅಂಬಾರಾಯ ಬಾಯಿ ಮುಚ್ಚಿಕೊಂಡೇ ಪೀರಪ್ಪನ ಮನೆಗೆ ನಡೆದ. ಅಲ್ಲಿ ಬೇವಿನ ಮರದ ಕೆಳಗೆ ಕುಳಿತು ಬಾಯಿ ತೆರೆದ.

ಬಾಯಿತುಂಬ ಅರಳೆ ತುರುಕಿಕೊಂಡು ಅವನು ಮರಳಿ ಹೊಲಕ್ಕೆ ಓಡಿದಾಗ ಹೊತ್ತಿನ್ನೂ ಇಳಿದಿರಲಿಲ್ಲ. ಆದರೆ ಪಕ್ಕದೂರಿನ ಕೆಲಸ ಬೇಗ ಮುಗಿದು ರಾಧಿಕಾ ಬಂದೇಬಿಟ್ಟಿದ್ದರು. ನಾಲ್ಕು ಗೂಟಗಳ ನಡುವೆ ಗೌಸ ಮದುಮಗನಂತೆ ನಿಂತಿದ್ದ. ಫೋಟೊ ತೆಗೆದಾಗಿತ್ತು, ಅರ್ಜಿಗೆ ಹೆಬ್ಬೆಟ್ಟೂ ಬಿದ್ದಾಗಿತ್ತು.

“ಊಂ! ಊಂ!” ಎಂದ ಅಂಬಾರಾಯ.

“ಮಾತಾಡಬ್ಯಾಡ, ರಕ್ತ ಬರ್ತದ,” ಎಂದು ಬೆನ್ನಟ್ಟಿ ಬಂದಿದ್ದ ಪೀರಪ್ಪ ಅವನ ದವಡೆಯನ್ನು ಅದುಮಿ ಹಿಡಿದ.

“ಮುಂಜಾನೆ ಕೇಳಾಕ ಬಂದಿದ್ದವರು ಇವರೇ,” ಎಂದರು ರಾಧಿಕಾ ಗೌಸನಿಗೆ. “ಇವರ ಹೊಲಕ್ಕ ಬೇಕಂತ ತಿಳಿದಿದ್ದೆ. ನೋಡಿದ್ರ ಗೂಟ ನಿಮ್ಮ ಹೊಲದಾಗ ಬಡದಾರ.”

ಗೌಸನ ಕಣ್ಣುಗಳು ಒದ್ದೆಯಾದವು. “ಬದು ಒತ್ತಾಕ ಬಂದಾನಂತ ನಾ ಸಂಶಯ ಪಟ್ಟೆ ನೋಡ್ರಿ. ನನಗ ಹೊಂಡ ಕೊಡಸಾಕ ಆಡಿನ ನೆವ ಹೇಳ್ಯಾನ. ಹಲ್ಲು ಕೀಳಿಸ್ಕೊಂಡ್ರೂ ಗುಟ್ಟು ಬಿಡಲಿಲ್ಲ.”

ಸಂಜೆ ಅಂಬಾರಾಯ ಮನೆ ಮುಟ್ಟುವುದಕ್ಕಿಂತ ಮೊದಲೇ ಸುದ್ದಿ ಮುಟ್ಟಿತ್ತು. ಕಟ್ಟೆಯ ಮೇಲೆ ಅರ್ಧ ಓಣಿ ಕುಳಿತಿತ್ತು. ಒಬ್ಬೊಬ್ಬರ ಬಗಲಲ್ಲೂ ನಾಲ್ಕು ನಾಲ್ಕು ಗೂಟ.

“ನಮ್ಮ ಹೊಲದಾಗೂ ಒಮ್ಮಿ ಆಡು ಕಟ್ಟು, ತಮ್ಮಾ,” ಎಂದಳು ಸಾಬವ್ವ.

ಅಂಬಾರಾಯ ಗಲ್ಲ ಹಿಡಿದುಕೊಂಡ. ಈ ಸಲ ಎಡಗಲ್ಲವನ್ನೇ.