ನಮ್ಮ ಶಾಲೆ ಅಕಾಡೆಮಿಯಾದ ಸಂಜೆ

ಆ ಸಂಜೆ ನಿಜಕ್ಕೂ ಏನು ನಡೆಯಿತೆಂದು ನಾನು ಆಣೆಯಿಟ್ಟು ಹೇಳಲಾರೆ. ಸಮೋಸ ಕೊಟ್ಟು ನಮ್ಮನ್ನು ಮೆತ್ತಗೆ ಮಾಡಿದ ಮೇಲೆಯೇ ಒಪ್ಪಿಗೆ ಕೇಳಿದರೆಂದು ನನ್ನ ನೆನಪು. ಸಮೋಸ ಆಮೇಲೆ ಬಂದಿರುತ್ತದೆ ಎಂದು ಹೆಂಡತಿ ಸುಮನಾಳ ವಾದ. ಅವಳು ಆ ಸಭೆಗೆ ಬಂದೇ ಇರಲಿಲ್ಲ!

ಕೊಲ್ಲಿ ನಾಡಿನಲ್ಲಿ ನಾವಿರುವ ಅಲ್ ಮಬೇಲಾದಲ್ಲಿ ಮಗಳು ಅದಿತಿ ಓದುವ ಪ್ರೈಮರಿ ಶಾಲೆ ಅಕಾಡೆಮಿಯಾಗಲು ಹೊರಟಿತ್ತು. ಆಗಲಿ ಬಿಡಿ. ಆದರೆ ಗುರುವಾರ ಶಾಲೆ ಬಿಟ್ಟ ಮೇಲೆ ನಮ್ಮ ಮಕ್ಕಳು ಕನ್ನಡ ಕಲಿಯುತ್ತಿದ್ದ ಹಿಂದಿನ ಕೋಣೆ ಇನ್ನು ಮುಂದೆ ‘ಲೀಡರ್‌ಶಿಪ್ ಲ್ಯಾಬ್’ ಅಂತೆ. ಅದಿತಿ ಆಗಷ್ಟೇ ಒತ್ತಕ್ಷರದ ದಡ ಮುಟ್ಟಿದ್ದಳು.

“ಹೋಗಿ ಬೇಡ ಅಂತ ಹೇಳಿ ಬನ್ನಿ. ಒಂದೇ ಮಾತು. ಥೀಸಿಸ್ ಓದ್ಬೇಡಿ,” ಎಂದು ಸುಮನಾ ಕಳುಹಿಸಿದಳು. ಒಂದು ಮಾತು ಎಷ್ಟರ ಕೆಲಸ! ಧೈರ್ಯವಾಗಿ ಹೋದೆ.

ಪೋಷಕರ ಸಭೆಯಲ್ಲಿ ಪಕ್ಕದಲ್ಲಿ ಕುಳಿತ ದಯಾನಂದ ಉಡುಪಿ ಕಡೆಯವರು, ಪಕ್ಕದ ಬರ್ಕಾದಲ್ಲಿ ಟೈರ್ ಅಂಗಡಿ. ಕನ್ನಡದವರ ಸಾಲು ಪೂರ್ತಿ ನನ್ನ ಮೇಲೆ ಭಾರ ಹಾಕಿದೆ ಎಂದು ತಿಳಿಸಿದರು. “ನೀವು ಡಾಕ್ಟರೇಟ್ ಮಾಡಿದವರು ಮಾರಾಯ್ರೆ. ನೀವು ಹೇಗೋ, ನಾವು ಹಾಗೆ.”

ಪ್ರಿನ್ಸಿಪಾಲರು ಪರದೆಯ ಮೇಲೆ ರಾಕೆಟ್ ಹಾರಿಸಿ ಮುಗಿಸಿ, ಒಪ್ಪುವವರು ಕೈ ಎತ್ತಬೇಕೆಂದರು. ಆಗ ನನ್ನೊಳಗಿನ ವಿಶ್ವವಿದ್ಯಾಲಯ ಎಚ್ಚೆತ್ತಿತು. ಅಕಾಡೆಮಿ ಎಂದರೇನೆಂದು ಹೇಳದೆ ಒಪ್ಪುವುದು ಹೇಗೆ? ಪ್ರಶ್ನೆಯಿದ್ದರೆ ಮೊದಲು ಕೈ ಎತ್ತಬೇಕು, ಅವರು ಕರೆದ ಮೇಲೆ ಮಾತಾಡಬೇಕು. ಸೆಮಿನಾರುಗಳಲ್ಲಿ ಕಲಿತ ಶಿಸ್ತು ಅದು.

ಎತ್ತಿದೆ.

ದಯಾನಂದರ ಕೈ ಮೇಲೆದ್ದಿತು. ಕನ್ನಡದ ಸಾಲು ಎದ್ದಿತು. ಅದನ್ನು ನೋಡಿ ಮಲಯಾಳಿಗಳ ಸಾಲು, ಅವರನ್ನು ನೋಡಿ ಉಳಿದವರು. ಖಲಾಸ್! ನನ್ನ ಪ್ರಶ್ನೆ ಚಪ್ಪಾಳೆಯಲ್ಲಿ ಮುಳುಗಿತು.

“ನಿಮ್ಮದು ಬೇಡ ಅಂತ ಅಲ್ವಾ ಇದ್ದದ್ದು?” ಎಂದರು ದಯಾನಂದ, ಕೈ ಇನ್ನೂ ಮೇಲೆಯೇ ಇತ್ತು.

“ನಾನು ಎತ್ತಿದ್ದು ಸಂದೇಹ ಕೇಳೋಕೆ.”

“ಹೌದಾ? ಓದಿದವರು, ಏನೋ ಲೆಕ್ಕ ಹಾಕಿರ್ಬೇಕು ಅಂತ ನಾನೂ ಎತ್ತಿದೆ.”

ಈಗ ಶಾಲೆ ಅಕಾಡೆಮಿಯಾಗಿದೆ. ಎಸಿ ಅದೇ ಹಳೆಯ ಗೊರಕೆ ಹೊಡೆಯುತ್ತಿದೆ. ಆಯಾ ‘ಕೇರ್ ಫೆಸಿಲಿಟೇಟರ್’ ಆಗಿ ಅದೇ ಮೂಗುಗಳನ್ನು ಒರೆಸುತ್ತಿದ್ದಾರೆ. ಬೆಂಬಲ ಘೋಷಿಸಿದ್ದಕ್ಕಾಗಿ ನನಗೆ ‘ಫೌಂಡಿಂಗ್ ಪೇರೆಂಟ್’ ಎಂಬ ಬ್ಯಾಡ್ಜ್ ಬಂದಿದೆ. ಲೀಡರ್‌ಶಿಪ್ ಲ್ಯಾಬಿಗೆ ಬೀಗ ಬಿದ್ದಿದೆ, ಒಳಗೆ ಮುರಿದ ಬೆಂಚುಗಳಿವೆ.

ಕನ್ನಡ ತರಗತಿ ಎಲ್ಲಿಗೆ ಹೋಯಿತು? ನಮ್ಮ ಮನೆಯ ಹಾಲ್‌ಗೆ. ಹಾಗೆಂದು ಸುಮನಾ ತೀರ್ಪು ಕೊಟ್ಟಳು; ಮೇಲ್ಮನವಿಗೆ ಅವಕಾಶವಿರಲಿಲ್ಲ. ಗುರುವಾರ ಆಫೀಸಿನಿಂದ ಬಂದರೆ ನನ್ನ ಸೋಫಾ ತುಂಬ ಕಾಗುಣಿತ. ಮೊನ್ನೆ ಬಾಗಿಲಲ್ಲೇ ಅದಿತಿ ತಡೆದಳು: “ಅಪ್ಪಾ, ವೆಯ್ಟ್ ಔಟ್‌ಸೈಡ್ ಪ್ಲೀಸ್. ಕ್ಲಾಸ್ ಈಸ್ ಗೋಯಿಂಗ್ ಆನ್.”

ಕಾರಿನಲ್ಲಿ ಕುಳಿತೆ. ಬೇರೆ ಕೆಲಸವಿಲ್ಲದೆ, ಅಕಾಡೆಮಿಯವರು ಹಂಚಿದ ಸಭೆಯ ವಿಡಿಯೊ ತೆರೆದೆ. ಮೊದಲು ಕೈ ಎತ್ತಿದ್ದು ದಯಾನಂದರೇ ಇರಬಹುದೆಂಬ ಸಣ್ಣ ಆಸೆಯಿತ್ತು. ಪ್ರಿನ್ಸಿಪಾಲರು ವಾಕ್ಯ ಮುಗಿಸುವ ಮೊದಲೇ ನನ್ನ ಕೈ ನೆಟ್ಟಗೆ ನಿಂತಿದೆ. ಮಡಿಲಲ್ಲಿರುವ ಇನ್ನೊಂದು ಕೈ ಖಾಲಿ.

ಸಮೋಸ ಬಂದದ್ದು ಆಮೇಲೆಯೇ.