ಮೂರು ಸಲ ತಿಕ್ಕಿ ತೊಳೆದ ಜರೀಗಿಡ

ಜರೀಗಿಡ ಹೇಗೆ ಹುಟ್ಟುತ್ತದೆ ಎಂಬುದನ್ನು ನಾನು ಧಾರವಾಡದ ಒಂದು ಹೈಸ್ಕೂಲಿನಲ್ಲಿ ನಾಲ್ಕು ವರ್ಷ ಕಲಿಸಿದ್ದೆ. ಕಣ್ಣು ಮುಚ್ಚಿ ಹೇಳಬಲ್ಲೆ ಎಂಬ ಧೈರ್ಯವಿತ್ತು. ಅಷ್ಟು ವರ್ಷವೂ ಕಣ್ಣು ಮುಚ್ಚಿಯೇ ಹೇಳಿದ್ದೆ ಎಂಬುದು ಆಮೇಲೆ ತಿಳಿಯಿತು.

ಅದಕ್ಕೆ ಹೂವಿಲ್ಲ, ಬೀಜವಿಲ್ಲ. ಎಲೆಯ ಬೆನ್ನಿಗೆ ಕಂದು ಚುಕ್ಕೆಗಳು. ಅವು ಒಡೆದರೆ ಪುಡಿ. ಪುಡಿ ಹಸಿ ಜಾಗದಲ್ಲಿ ಬಿದ್ದರೆ ಹೃದಯದ ಆಕಾರದ ಒಂದು ಹಸಿರು ಎಲೆ ಮೂಡುತ್ತದೆ. ಅದರ ಅಡಿಯಲ್ಲೇ ಗಂಡು, ಅದರ ಅಡಿಯಲ್ಲೇ ಹೆಣ್ಣು. ನೀರು ಸಿಕ್ಕಾಗ ಗಂಡು ಈಜಿಕೊಂಡು ಹೋಗಿ ಹೆಣ್ಣನ್ನು ಸೇರುತ್ತದೆ. ಆಮೇಲೆ ಆ ಎಲೆಯಿಂದ ನಿಜವಾದ ಜರೀಗಿಡ ತಲೆಯೆತ್ತುತ್ತದೆ. ಮಗ ಅಪ್ಪನ ಹಾಗಿಲ್ಲ, ಅಜ್ಜನ ಹಾಗೆ!

ಆ ವರ್ಷ ಜೂನಿನಲ್ಲಿ ಹೆಡ್ ಮಾಸ್ತರರು ಕರೆದರು. "ದೀಪಾವಳಿ ಮುಗದ ಮ್ಯಾಲೆ ಇನ್ಸ್‌ಪೆಕ್ಟರ್ ಸಾಹೇಬರು ಬರ್ತಾರ. ನಿಮ್ಮ ಜರೀಗಿಡದ ಪಾಠ ನೋಡ್ತಾರಂತ. ಬರೇ ಚಿತ್ರ ತೆಗದ್ರ ಆಗೂದಿಲ್ಲ, ಬೆಳಿಸಿ ತೋರಿಸ್ರಿ. ಛಲೋ ಆತಂದ್ರ ನೀವು ಕಾಯಂ."

ಕಾಯಂ! ನಾಲ್ಕು ವರ್ಷದಿಂದ ನಾನು ಹಂಗಾಮಿ ಮಾಸ್ತರ. ಪ್ರತಿ ಬೇಸಿಗೆಯಲ್ಲಿ ಮನೆಗೆ ಕಳಿಸುತ್ತಿದ್ದರು, ಮಳೆಗಾಲಕ್ಕೆ ಮತ್ತೆ ಕರೆಯುತ್ತಿದ್ದರು. ನನ್ನ ಮಾವನವರು ಬದುಕಿರುವ ತನಕ ಪ್ರತಿ ಪತ್ರದಲ್ಲೂ "ಕಾಯಂ ಆಯಿತೇ?" ಎಂದು ಕೇಳಿ ಕೇಳಿ, ಉತ್ತರ ಸಿಗದೆಯೇ ಹೋಗಿಬಿಟ್ಟರು. ಅವರ ಮಗಳು ಗಿರಿಜಾ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಕೇಳಿದ್ದರೆ ವಾಸಿಯಿತ್ತು.

ಹೆಬ್ಬಳ್ಳಿಯ ಹೊಲದ ಬಾವಿಯೊಳಗೆ ಇಳಿದು, ಮೊಣಕಾಲು ತರಚಿಸಿಕೊಂಡು ಜರೀಗಿಡದ ಎಲೆ ತಂದೆ. ಮಣ್ಣಿನ ಬೋಗುಣಿಯಲ್ಲಿ ಹಸಿ ಇಟ್ಟಂಗಿ ಇಟ್ಟು ಪುಡಿ ಉದುರಿಸಿದೆ. ಮೇಲೆ ಗಾಜು ಮುಚ್ಚಬೇಕಲ್ಲ? ಗೋಡೆಯ ಮೇಲೆ ಒಂದು ಗಾಜು ಕಂಡಿತು.

"ಏನ್ರಿ, ನಮ್ಮಪ್ಪನ ಫೋಟೋದ ಗಾಜು ಎಲ್ಲೈತಿ?" ಎಂದಳು ಗಿರಿಜಾ ಸಂಜೆಗೆ.

"ಸರಕಾರಿ ಕೆಲಸಕ್ಕ ಹೋಗೇತಿ."

ಬೋಗುಣಿಯೊಳಗೆ ಏನು ನಡೆಯಬೇಕೆಂದು ಅವಳಿಗೆ ವಿವರಿಸಿದೆ. ಅವಳು ಗಲ್ಲಕ್ಕೆ ಕೈ ಹಚ್ಚಿದಳು. "ಒಂದ ಎಲಿ ಮ್ಯಾಲ ಗಂಡೂ ಹೆಣ್ಣೂ? ಅಯ್ಯ ಶಿವನ, ಒಂದ ಗೋತ್ರದಾಗ ಲಗ್ನ ಏನ್ರಿ? ಅದೂ ನಮ್ಮಪ್ಪನ ಗಾಜಿನ ಕೆಳಗ!"

ಒಂದು ತಿಂಗಳು ಕಾದೆ. ಇಟ್ಟಂಗಿಯ ಮೇಲೆ ತೆಳ್ಳನೆ ಹಸಿರು ಬಂತು. ಪಾಚಿ! ತೆಂಗಿನ ನಾರಿನಿಂದ ತಿಕ್ಕಿ ತೊಳೆದು ಮತ್ತೆ ಪುಡಿ ಉದುರಿಸಿದೆ. ಆರು ವಾರಕ್ಕೆ ಮತ್ತೆ ಪಾಚಿ! ಮತ್ತೆ ತಿಕ್ಕಿದೆ. ಇಷ್ಟು ಪಾಚಿ ಕಟ್ಟುವ ಮನೆಯನ್ನು ಬಾಡಿಗೆ ಹಿಡಿದ ನನ್ನ ಹಣೆಬರಹವನ್ನೂ ಬೈದುಕೊಂಡೆ. ಮೂರನೆಯ ಸಲ ಹಸಿರು ಹಾಳೆ ಹಾಳೆಯಾಗಿ, ಉದ್ದಿನ ಬೇಳೆಯಷ್ಟು ಅಗಲ ಬೆಳೆದುಬಿಟ್ಟಿತು. ಅಷ್ಟರಲ್ಲಿ ದೀಪಾವಳಿ ಮುಗಿದಿತ್ತು. ಮರುದಿನವೇ ಸಾಹೇಬರು. ಹೊಲಸು ಬೋಗುಣಿ ತೋರಿಸುವುದೇ? ನಾರು ಹಿಡಿದು ಕುಳಿತೆ.

"ತಿಕ್ಕಬ್ಯಾಡ್ರಿ," ಎಂದಳು ಗಿರಿಜಾ. "ಮೂರು ಸಲಾನೂ ಅದ ಬರಾಕತ್ತೇತಿ. ನಿಮ್ಮ ಜರೀಗಿಡ ಅದ ಇದ್ದೀತು."

"ಸಸ್ಯಶಾಸ್ತ್ರ ಕಲತಾಂವ ನಾನೋ ನೀನೋ?"

ಅವಳು ಒಳಗೆ ಹೋದಳು. ನಾನು ಬೋಗುಣಿಯನ್ನು ಲಕಲಕ ಮಾಡಿದೆ.

ಮರುದಿನ ಕರಿಹಲಗೆಯ ಮೇಲೆ ಆ ಹೃದಯದ ಎಲೆಯನ್ನು ಜೋಳದ ರೊಟ್ಟಿಯಷ್ಟು ದೊಡ್ಡದಾಗಿ ಬರೆದು ಪಾಠ ಹೇಳಿದೆ. ಸಾಹೇಬರು ವಯಸ್ಸಾದವರು, ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. "ಚಿತ್ರ ಛಲೋ ಐತಿ. ಇನ್ನ ಖರೇ ಎಲಿ ತೋರಿಸ್ರಿ," ಎಂದರು.

ಬೋಗುಣಿ ಮುಂದಿಟ್ಟೆ. ಹೊಸ ಇಟ್ಟಂಗಿಯೂ ಅಷ್ಟು ಕೆಂಪಗಿರುವುದಿಲ್ಲ.

"ಹುಟ್ಟಲಿಲ್ಲ ಸರ್. ಬರೇ ಪಾಚಿ ಬಂತು. ಆದ್ರ ಮೂರೂ ಸಲ ತಿಕ್ಕಿ ತೊಳದೇನಿ ಸರ್!"

ಸಾಹೇಬರು ಇಟ್ಟಂಗಿಯನ್ನು ತಿರುಗಿಸಿ ನೋಡಿದರು. ನಾರು ಮುಟ್ಟದ ಒಂದು ಬಿರುಕಿನಿಂದ ಗುಂಡುಸೂಜಿಯಲ್ಲಿ ಏನನ್ನೋ ಎತ್ತಿ ಅಂಗೈ ಮೇಲೆ ಇಟ್ಟುಕೊಂಡರು. "ಇದೇನ್ರಿ?"

"ಪಾಚಿ ಸರ್!" ನೋಡುವುದಕ್ಕೆ ಮೊದಲೇ ಹೇಳಿದೆ.

ಭೂತಗನ್ನಡಿ ಕೊಟ್ಟರು. ಬಗ್ಗಿ ನೋಡಿದೆ. ಕರಿಹಲಗೆಯ ಮೇಲಿನ ಅದೇ ಹೃದಯ! ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಅದು ಎಷ್ಟು ದೊಡ್ಡದಿರುತ್ತದೆ ಎಂದು ನಾನು ಯಾರನ್ನೂ ಕೇಳಿರಲಿಲ್ಲ. ಅದರ ಸೀಳಿನಿಂದ ಪುಟ್ಟದೊಂದು ಎಲೆ ಸುರುಳಿ ಸುತ್ತಿಕೊಂಡು ಆಗಲೇ ಹೊರಗೆ ಬಂದಿತ್ತು. ನಮ್ಮ ಮನೆಯಲ್ಲಿ ಮೂರು ಲಗ್ನವಾಗಿ, ಮಕ್ಕಳು ಮರಿಯಾಗಿ, ಎಲ್ಲರನ್ನೂ ನಾನೇ ಬಚ್ಚಲಿಗೆ ಚೆಲ್ಲಿದ್ದೆ! ನನಗೆ ಅಳು ಬಂತು. ಮುಂದಿನ ಸಾಲಿನ ಹುಡುಗರಿಗೆ ನಗು ಬಂತು.

ವಾರದ ಮೇಲೆ ಹೆಡ್ ಮಾಸ್ತರರು ವರದಿ ಓದಿ ಹೇಳಿದರು. "ಸಸ್ಯಶಾಸ್ತ್ರ ಬ್ಯಾರೆಯವರಿಗೆ ಕೊಡ್ರಿ ಅಂದಾರ. ನಿಮ್ಮ ಸ್ವಚ್ಛತಾ ಮಾತ್ರ ಭಾಳ ಮೆಚ್ಯಾರ. ಇನ್ನ ಮ್ಯಾಲೆ ಸಾಲಿ ನೀರಿನ ತೊಟ್ಟಿ ತೊಳಸೂ ಜವಾಬ್ದಾರಿ ನಿಮ್ಮದು."

"ಮತ್ತ ನನ್ನ ನೌಕರಿ, ಸರ್?"

"ಅದು ಹಂಗಾಮೀನ. ತೊಟ್ಟಿದು ಕಾಯಂ."

ಕಾಲು ಎಳೆಯುತ್ತ ಮನೆಗೆ ಬಂದೆ. ಗಿರಿಜಾ ಬಾಗಿಲಲ್ಲೇ ನಿಂತಿದ್ದಳು. ಮದುವೆಯಾದಾಗಿನಿಂದ ಕೇಳದವಳು ಅಂದು ಕೇಳಿಯೇಬಿಟ್ಟಳು.

"ಕಾಯಂ ಆತೇನ್ರಿ?"

"ಆತು," ಎಂದೆ. ಉಳಿದದ್ದನ್ನು ಹೇಳಲು ಒಂದು ಲೋಟ ನೀರು ಕುಡಿಯುವಷ್ಟು ಪುರುಸೊತ್ತು ಬೇಕಾಗಿತ್ತು. ಕುಡಿದು ತಲೆಯೆತ್ತುವಷ್ಟರಲ್ಲಿ ಅವಳು ಓಣಿಯ ಅರ್ಧ ಮನೆಗಳಿಗೆ ಸಕ್ಕರೆ ಹಂಚಿಯಾಗಿತ್ತು!